ಹಾಲು ತಣ್ಣಗಾಗಲು ಎಷ್ಟು ಹೊತ್ತು ಬೇಕು?



ಸಂಘದ ಬಾಗಿಲು ಹಾಕುವ ಹೊತ್ತಿಗೆ ಕ್ಯಾನು ಹಿಡಿದು ಓಡಿ ಬರುವ ಸದಸ್ಯರು ಒಂದು ಮಾತು ಹೇಳುವುದುಂಟು: "ಬಿಎಂಸಿ ಇದೆಯಲ್ಲ ಸಾರ್, ಸುರಿದ ಕೂಡಲೇ ತಣ್ಣಗಾಗುತ್ತೆ. ಅರ್ಧ ಗಂಟೆ ತಡವಾದರೆ ಏನು ಹೋಯಿತು?" ಕೇಳುವುದಕ್ಕೆ ಸರಿಯಾಗಿಯೇ ಇದೆ. ಸ್ಟೀಲ್ ಟ್ಯಾಂಕು, ಗುಂಯ್ ಎನ್ನುವ ಯಂತ್ರ, ಗೋಡೆಯ ಮೇಲೆ ಡಿಗ್ರಿ ತೋರಿಸುವ ಕೆಂಪು ಅಂಕಿ ಎಲ್ಲ ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಸುರಿದ ಕೂಡಲೇ ತಣ್ಣಗಾಗುವುದಿಲ್ಲ. ಎಷ್ಟು ಹೊತ್ತು ಹಿಡಿಯುತ್ತದೆ, ಏಕೆ ಹಿಡಿಯುತ್ತದೆ, ಆ ಹೊತ್ತಿನಲ್ಲಿ ಹಾಲಿನೊಳಗೆ ಏನು ನಡೆಯುತ್ತದೆ ಎಂಬುದನ್ನು ಈ ಸಂಚಿಕೆಯಲ್ಲಿ ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ. ಪೆನ್ನು, ಕಾಗದ ಬೇಕಿಲ್ಲ. ಲೆಕ್ಕ ನಾವೇ ಮಾಡಿದ್ದೇವೆ.

ಮೂರು ಗಂಟೆಯ ಯಂತ್ರ

ಹಾಲಿನ ಕೂಲರ್‌ಗಳಿಗೆ ಐಎಸ್‌ಒ 5708 ಎಂಬ ಅಂತಾರಾಷ್ಟ್ರೀಯ ಮಾನದಂಡವಿದೆ. ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಹೊತ್ತಿನ ಹಾಲು ಹಿಡಿಯುವ, ಆ ಮಾನದಂಡದ ಎರಡನೇ ದರ್ಜೆಯ ಟ್ಯಾಂಕು. ಅಂದರೆ 1000 ಲೀಟರಿನ ಟ್ಯಾಂಕಿನಲ್ಲಿ ಅರ್ಧದಷ್ಟು, 500 ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ಅದಕ್ಕೆ ಕೊಟ್ಟಿರುವ ಸಮಯ 3 ಗಂಟೆ. ಯಂತ್ರ ಕೆಟ್ಟಾಗ ಹಿಡಿಯುವ ಹೊತ್ತಲ್ಲ ಇದು. ಹೊಸದಾಗಿ, ಸರಿಯಾಗಿ, ಒಳ್ಳೆಯ ವೋಲ್ಟೇಜಿನಲ್ಲಿ ಓಡುವಾಗ ಹಿಡಿಯುವ ಹೊತ್ತು.

ಇಷ್ಟು ಹೊತ್ತು ಏಕೆ? ಹಸುವಿನ ಕೆಚ್ಚಲಿನಿಂದ ಬರುವಾಗ ಹಾಲಿನ ಬಿಸಿ ಸುಮಾರು 38 ಡಿಗ್ರಿ. ಸಂಘಕ್ಕೆ ಬರುವಷ್ಟರಲ್ಲಿ 35ರ ಆಸುಪಾಸಿಗೆ ಬಂದಿರುತ್ತದೆ. ಅಲ್ಲಿಂದ 4 ಡಿಗ್ರಿಗೆ ಬರಬೇಕಾದರೆ 31 ಡಿಗ್ರಿಯಷ್ಟು ಶಾಖವನ್ನು ಹಾಲಿನಿಂದ ಹೊರಗೆ ಎಳೆಯಬೇಕು. ಶಾಖ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಮಂಜುಗಡ್ಡೆಯ ಲೆಕ್ಕದಲ್ಲಿ ಹೇಳುತ್ತೇವೆ. 40 ಲೀಟರಿನ ಒಂದು ಕ್ಯಾನು ಹಾಲಿನಿಂದ ಇಷ್ಟು ಶಾಖ ತೆಗೆಯಲು ಸುಮಾರು 15 ಕಿಲೋ ಮಂಜುಗಡ್ಡೆ ಪೂರ್ತಿ ಕರಗಬೇಕು. 500 ಲೀಟರಿಗೆ 190 ಕಿಲೋ ಹತ್ತಿರ. ಮೀನು ಮಾರುಕಟ್ಟೆಯಲ್ಲಿ ಇಳಿಸುವ ಐಸ್ ಗಡ್ಡೆಗಳನ್ನು ನೋಡಿದ್ದರೆ ಅಂದಾಜು ಸಿಗುತ್ತದೆ. ನಿಮ್ಮ ಊರಿನ ಪುಟ್ಟ ಕಟ್ಟಡದಲ್ಲಿ ಆ ಯಂತ್ರ ದಿನಕ್ಕೆ ಎರಡು ಸಲ ಮಾಡುವ ಕೆಲಸ ಅಷ್ಟು.

ಮನೆಯ ಫ್ರಿಜ್ಜಿಗೆ ಹೋಲಿಸಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಸಾಧಾರಣ ಮನೆ ಫ್ರಿಜ್ ಒಳಗಿನ ಶಾಖವನ್ನು ಎಳೆಯುವ ಶಕ್ತಿ ನೂರರಿಂದ ನೂರೈವತ್ತು ವಾಟ್ ಅಂದುಕೊಳ್ಳಿ. 500 ಲೀಟರ್ ಹಾಲನ್ನು 3 ಗಂಟೆಯಲ್ಲಿ ತಣ್ಣಗೆ ಮಾಡಲು ಬೇಕಾದದ್ದು 5,800 ವಾಟ್. ಆ ಹಾಲನ್ನು ಹೇಗೋ ಮನೆ ಫ್ರಿಜ್ಜಿಗೆ ತುಂಬಿದರೆ ಹಗಲೂ ರಾತ್ರಿ ಓಡಿದರೂ ಐದು ದಿನ ಬೇಕು. ಅಷ್ಟರಲ್ಲಿ ಅದು ಹಾಲಾಗಿ ಉಳಿದಿರುವುದಿಲ್ಲ. ಹೊಸ ಫ್ರಿಜ್ ತಂದ ದಿನ ಕೆಲವು ಗಂಟೆ ಖಾಲಿ ಓಡಿಸಿ, ಆಮೇಲೆ ಸಾಮಾನು ಇಡಿ ಎಂದು ಅಂಗಡಿಯವರು ಹೇಳುತ್ತಾರಲ್ಲ, ಅದೂ ಇದೇ ಕಾರಣಕ್ಕೆ. ಖಾಲಿ ಪೆಟ್ಟಿಗೆ ತಣ್ಣಗಾಗಲಿಕ್ಕೇ ಗಂಟೆಗಳು ಹಿಡಿಯುತ್ತವೆ.

ಇನ್ನೊಂದು ಸಂಗತಿ. ಮೊದಲ ಹತ್ತು ಡಿಗ್ರಿ ಇಳಿದಷ್ಟು ಬೇಗ ಕೊನೆಯ ಹತ್ತು ಡಿಗ್ರಿ ಇಳಿಯುವುದಿಲ್ಲ. ಹಾಲು ಬಿಸಿಯಾಗಿದ್ದಾಗ ಟ್ಯಾಂಕಿನ ತಳದ ಕೊಳವೆಯೊಳಗಿನ ಗ್ಯಾಸು ಜೋರಾಗಿ ಕುದಿದು ಶಾಖ ಹೀರುತ್ತದೆ. ಹಾಲು ತಣ್ಣಗಾದಂತೆ ಆ ಕುದಿತ ಮಂದವಾಗುತ್ತದೆ, ಕಂಪ್ರೆಸರ್ ಒಂದು ಸುತ್ತಿಗೆ ಎಳೆಯುವ ಶಾಖವೂ ಕಡಿಮೆಯಾಗುತ್ತದೆ. ಮೀಟರಿನಲ್ಲಿ 35 ಇದ್ದದ್ದು ಬೇಗ 25ಕ್ಕೆ ಬಂದದ್ದನ್ನು ನೋಡಿ "ಇನ್ನೇನು ಆಯಿತು" ಎಂದು ಹೊರಟರೆ, 8ರಿಂದ 4ಕ್ಕೆ ಇಳಿಯುವ ಹೊತ್ತು ಲೆಕ್ಕಕ್ಕೆ ಸಿಗುವುದಿಲ್ಲ.

ಆ ಮೂರು ಗಂಟೆಯಲ್ಲಿ ಹಾಲಿನೊಳಗೆ

ಕೆಚ್ಚಲಿನಿಂದ ಬಂದ ಹಾಲಿಗೆ ತನ್ನದೇ ಒಂದು ಕಾವಲು ಇದೆ. ಲ್ಯಾಕ್ಟೊಪೆರಾಕ್ಸಿಡೇಸ್ ಎಂಬ ಕಿಣ್ವ ಮತ್ತು ಅದರ ಜೊತೆಗಾರರು ಸೇರಿ ಸುಮಾರು ಎರಡು ಗಂಟೆಯಷ್ಟು ಕಾಲ ಬ್ಯಾಕ್ಟೀರಿಯಾಗಳನ್ನು ತಡೆದು ಹಿಡಿಯುತ್ತವೆ. ನಮ್ಮ ಹಿರಿಯರು ಕರೆದ ಹಾಲನ್ನು ತಕ್ಷಣ ಕಾಯಿಸದಿದ್ದರೂ ಅದು ಒಡೆಯದೆ ಉಳಿಯುತ್ತಿದ್ದುದರ ಗುಟ್ಟು ಇದೇ. ಆದರೆ ಈ ಕಾವಲು ಶುದ್ಧವಾಗಿ ಕರೆದ ಹಾಲಿಗೆ. ಕ್ಯಾನಿನ ಬಾಯಲ್ಲಿ ನಿನ್ನೆಯ ಹಾಲಿನ ಪೊರೆ ಅಂಟಿದ್ದರೆ, ಕೆಚ್ಚಲಿಗೆ ಸಗಣಿ ಮೆತ್ತಿದ್ದರೆ, ಒಳಗೆ ಬಿದ್ದ ದಂಡು ಕಾವಲಿಗಿಂತ ದೊಡ್ಡದಿರುತ್ತದೆ.

ಕಾವಲು ಮುಗಿದ ಮೇಲೆ 30–35 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾಗಳು ಸುಮಾರು ಅರ್ಧ ಗಂಟೆಗೆ ಒಮ್ಮೆ ಎರಡು ಪಟ್ಟಾಗುತ್ತವೆ. ಕೆಲವು ಇನ್ನೂ ಬೇಗ. ಅರ್ಧ ಗಂಟೆಗೆ ಎರಡು, ಒಂದು ಗಂಟೆಗೆ ನಾಲ್ಕು, ಎರಡು ಗಂಟೆಗೆ ಹದಿನಾರು, ಮೂರು ಗಂಟೆಗೆ ಅರವತ್ತನಾಲ್ಕು ಪಟ್ಟು. ಈಗ "ಅರ್ಧ ಗಂಟೆ ತಡವಾದರೆ ಏನು" ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು: ಕಾವಲು ಮುಗಿದ ಹಾಲಾದರೆ, ಸಂಖ್ಯೆ ಎರಡರಷ್ಟಾಗಿ ಟ್ಯಾಂಕಿಗೆ ಬೀಳುತ್ತದೆ. ಬಿದ್ದ ಮೇಲೂ ಹಾಲು 10 ಡಿಗ್ರಿಗಿಂತ ಕೆಳಗೆ ಬರುವ ತನಕ ಬೆಳೆಯುತ್ತಲೇ ಇರುತ್ತದೆ.

ಒಬ್ಬರ ಕ್ಯಾನು ಎಲ್ಲರ ಟ್ಯಾಂಕನ್ನು ಹೇಗೆ ಕೆಡಿಸುತ್ತದೆ ನೋಡಿ. ಉದಾಹರಣೆಗೆ 480 ಲೀಟರ್ ಹಾಲಿನಲ್ಲಿ ಪ್ರತಿ ಮಿಲಿಲೀಟರಿಗೆ 1 ಲಕ್ಷ ಬ್ಯಾಕ್ಟೀರಿಯಾ ಇದೆ ಎಂದಿಟ್ಟುಕೊಳ್ಳಿ. ಕೊನೆಗೆ ಬಂದ 20 ಲೀಟರಿನ ಒಂದು ಕ್ಯಾನಿನಲ್ಲಿ 1 ಕೋಟಿ ಇದೆ. ಇಪ್ಪತ್ತೈದರಲ್ಲಿ ಒಂದು ಪಾಲು ಮಾತ್ರ ಆ ಹಾಲು. ಬೆರೆಸಿದ ಮೇಲೆ ಇಡೀ 500 ಲೀಟರಿನ ಲೆಕ್ಕ ಪ್ರತಿ ಮಿಲಿಲೀಟರಿಗೆ ಸುಮಾರು 5 ಲಕ್ಷ. ನಲವತ್ತು ಮನೆಯವರು ಬೆಳಗಿನ ಜಾವ ಎದ್ದು ಕೆಚ್ಚಲು ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಕರೆದು ತಂದ ಹಾಲು ಐದು ಪಟ್ಟು ಕೆಟ್ಟಿತು. ಫ್ಯಾಟು, ಎಸ್‌ಎನ್‌ಎಫ್ ಅಂಕಿಗಳು ಒಬ್ಬೊಬ್ಬರದು ಬೇರೆ ಬೇರೆ ಬರುತ್ತವೆ. ಆದರೆ ಬ್ಯಾಕ್ಟೀರಿಯಾದ ಲೆಕ್ಕ ಎಲ್ಲರದೂ ಒಂದೇ ಟ್ಯಾಂಕಿನದು. ಡೇರಿಯಲ್ಲಿ ಮೆಥಿಲೀನ್ ಬ್ಲೂ ಪರೀಕ್ಷೆ ಮಾಡುವಾಗ ನೀಲಿ ಬಣ್ಣ 5 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ನಿಂತರೆ ಹಾಲು ಬಹಳ ಒಳ್ಳೆಯದು, ಅರ್ಧ ಗಂಟೆಯಲ್ಲೇ ಮಾಸಿದರೆ ಕಳಪೆ. ಆ ನೀಲಿ ಮಾಸುವಾಗ ಅದಕ್ಕೆ ಯಾರ ಮನೆಯ ಹಾಲು ಎಂದು ಗೊತ್ತಿರುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಬೇಕು. ಚಳಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಮಲಗಿಸುತ್ತದೆ, ಅಷ್ಟೇ. 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುವ ಜಾತಿಗಳಿವೆ. ಅವು ಬಿಡುವ ಕಿಣ್ವಗಳು ಪಾಶ್ಚರೀಕರಣದ ಬಿಸಿಗೂ ಪೂರ್ತಿ ಸಾಯುವುದಿಲ್ಲ. ಪ್ಯಾಕೆಟ್ ಹಾಲಿನಲ್ಲಿ ಕೆಲವೊಮ್ಮೆ ಬರುವ ಕಮಟು ವಾಸನೆ, ಕಹಿ ರುಚಿಯ ಮೂಲ ಎಷ್ಟೋ ಸಲ ಹಳ್ಳಿಯಲ್ಲೇ ಇರುತ್ತದೆ. ಆದ್ದರಿಂದ ತಣ್ಣಗಾಗುವ ಮೊದಲು ಎಷ್ಟು ಸಂಖ್ಯೆ ಇತ್ತು ಎಂಬುದೇ ಮುಖ್ಯ. ಯಂತ್ರ ಆ ಸಂಖ್ಯೆಯನ್ನು ಇಳಿಸಲಾರದು, ಇದ್ದಲ್ಲಿ ನಿಲ್ಲಿಸಬಲ್ಲದು.

ಎಲ್ಲರೂ ಎಂಟು ಗಂಟೆಗೇ ಬಂದರೆ

ಸಂಜೆಯ ಹಾಲು 500 ಲೀಟರ್ ಟ್ಯಾಂಕಿನಲ್ಲಿ ತಣ್ಣಗೆ 4 ಡಿಗ್ರಿಯಲ್ಲಿ ಇದೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ಇನ್ನೂ 500 ಲೀಟರ್ ಬರಬೇಕು. ಹೊಸ ಬಿಸಿ ಹಾಲು ಸುರಿದಂತೆಲ್ಲ ರಾತ್ರಿಯಿಂದ ಮಲಗಿದ್ದ ಹಾಲೂ ಎಚ್ಚರಗೊಳ್ಳುತ್ತದೆ. ಬೆರಕೆಯ ಬಿಸಿ 10 ಡಿಗ್ರಿ ದಾಟಬಾರದು ಎಂಬುದು ಡೇರಿ ಕೆಲಸದ ಒಳ್ಳೆಯ ಪದ್ಧತಿ. ಅಮೆರಿಕದ ಹಾಲಿನ ನಿಯಮಗಳಲ್ಲೂ ಇದೇ ಅಂಕಿ ಇದೆ.

ಸದಸ್ಯರು ಎರಡು ಗಂಟೆಯ ಉದ್ದಕ್ಕೂ ಒಬ್ಬರ ಹಿಂದೆ ಒಬ್ಬರಂತೆ ಬಂದು ಸುರಿದರೆ ಯಂತ್ರ ಜೊತೆಜೊತೆಗೇ ಶಾಖ ಎಳೆಯುತ್ತ ಹೋಗುತ್ತದೆ. ಏಳು ಗಂಟೆಗೆ ಟ್ಯಾಂಕು ಸುಮಾರು 7 ಡಿಗ್ರಿ, ಎಂಟಕ್ಕೆ 9 ಡಿಗ್ರಿ ಚಿಲ್ಲರೆ. 10ರ ಗೆರೆ ದಾಟಲಿಲ್ಲ. ಆಮೇಲೆ ಇನ್ನೊಂದು ಗಂಟೆಗೆ ಮತ್ತೆ 4ಕ್ಕೆ ಬರುತ್ತದೆ. ಅದೇ ಹಾಲು ಏಳೂವರೆಯ ನಂತರ ಗುಂಪಾಗಿ ಬಂದು ಅರ್ಧ ಗಂಟೆಯಲ್ಲಿ ಸುರಿದರೆ ಎಂಟಕ್ಕೆ ಟ್ಯಾಂಕು 17 ಡಿಗ್ರಿ. ಕರೆಂಟು ಇಲ್ಲದೆ, ಜನರೇಟರ್ ಹಾಕದೆ ಸುರಿದರೆ 19 ದಾಟುತ್ತದೆ. ಲೆಕ್ಕವನ್ನು ಸ್ವಲ್ಪ ಸರಳ ಮಾಡಿದ್ದೇವೆ, ನಿಮ್ಮ ಸಂಘದಲ್ಲಿ ಒಂದೆರಡು ಡಿಗ್ರಿ ಆಚೀಚೆ ಆದೀತು. ಆದರೆ ವ್ಯತ್ಯಾಸ ಇಷ್ಟೇ ದೊಡ್ಡದಿರುತ್ತದೆ. ಹಾಲು ಒಂದೇ, ಯಂತ್ರ ಒಂದೇ, ಬಂದ ಸಮಯ ಮಾತ್ರ ಬೇರೆ.

ಹಾಗೆಂದು ಮೊದಲ ಕ್ಯಾನು ಬೀಳುವ ಮುಂಚೆಯೇ ಖಾಲಿ ಟ್ಯಾಂಕಿನ ಯಂತ್ರ ಓಡಿಸಬಾರದು. ತಳ ಮುಚ್ಚಿ, ಕಲಕುವ ರೆಕ್ಕೆ ಮುಳುಗುವಷ್ಟು ಹಾಲು ಬರುವ ತನಕ ಕಾಯಬೇಕು. ಇಲ್ಲವಾದರೆ ತಳದ ತೆಳು ಹಾಲು ಹೆಪ್ಪುಗಟ್ಟಿ ಮಂಜಾಗುತ್ತದೆ, ಕೊಬ್ಬು ಒಡೆದು ಮೇಲೆ ತೇಲುತ್ತದೆ. ಇದು ಕಾರ್ಯದರ್ಶಿಗಳಿಗೆ ಗೊತ್ತಿರುವ ಮಾತೇ. ಸದಸ್ಯರಿಗೂ ಗೊತ್ತಿದ್ದರೆ "ಯಾಕೆ ಇನ್ನೂ ಆನ್ ಮಾಡಿಲ್ಲ" ಎಂಬ ಜಗಳ ತಪ್ಪುತ್ತದೆ.

ಸಂಘ ಬೆಳೆದಾಗ ಬರುವ ತೊಂದರೆಯನ್ನೂ ಇಲ್ಲೇ ಹೇಳಿಬಿಡುತ್ತೇವೆ. ಒಂದು ಹೊತ್ತಿಗೆ 500 ಲೀಟರ್ ಎಂದು ತಂದ ಟ್ಯಾಂಕಿಗೆ 700 ಲೀಟರ್ ಬರತೊಡಗಿದರೆ ಜಾಗವೇನೋ ಇರುತ್ತದೆ. ಆದರೆ 3 ಗಂಟೆಯ ಕೆಲಸ 4 ಗಂಟೆ ಮೀರುತ್ತದೆ. ಟ್ಯಾಂಕು ತುಂಬಿಲ್ಲ ಎಂಬುದು ಯಂತ್ರಕ್ಕೆ ಶಕ್ತಿ ಇದೆ ಎಂಬುದರ ಗುರುತಲ್ಲ. ಹಾಲು ಹೆಚ್ಚಿದ ಸಂಘಗಳು ಸಾಮಾನ್ಯ ಸಭೆಯಲ್ಲಿ ಇದನ್ನು ಚರ್ಚಿಸಿ ಒಕ್ಕೂಟಕ್ಕೆ ಬರೆಯುವುದು ಒಳ್ಳೆಯದು.

ಮನೆಯಲ್ಲಿ ಆಗುವ ಕೆಲಸ

ಯಂತ್ರದ ಮೂರು ಗಂಟೆ ನಿಮ್ಮ ಕೈಯಲ್ಲಿ ಇಲ್ಲ. ಅದಕ್ಕೂ ಮುಂಚಿನ ಹೊತ್ತು ನಿಮ್ಮದೇ. ಕರೆದು ಮುಗಿದ ಕೂಡಲೇ ಹೊರಡುವುದು ಎಲ್ಲಕ್ಕಿಂತ ದೊಡ್ಡ ಉಪಾಯ. ನಾಲ್ಕೈದು ಹಸು ಇರುವ ಮನೆಯಲ್ಲಿ ಮೊದಲ ಹಸುವಿನ ಹಾಲು ಕೊನೆಯ ಹಸು ಕರೆಯುವ ತನಕ ಕೊಟ್ಟಿಗೆಯ ಬಿಸಿಯಲ್ಲೇ ಕೂತಿರುತ್ತದೆ. ಅಂಥವರು ಕ್ಯಾನನ್ನು ನೀರಿನ ತೊಟ್ಟಿಯಲ್ಲಿ ಇಡಿ.

ನೀರು ಏಕೆ? ಶಾಖವನ್ನು ಸಾಗಿಸುವುದರಲ್ಲಿ ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ಚುರುಕು. ಕ್ಯಾನನ್ನು ನೆರಳಲ್ಲಿ ಸುಮ್ಮನೆ ಇಟ್ಟರೆ ಒಂದು ಗಂಟೆಯಲ್ಲಿ ಇಳಿಯುವ ಬಿಸಿ ಬಹಳ ಕಡಿಮೆ. ಅದೇ ಕ್ಯಾನು ಕುತ್ತಿಗೆವರೆಗೆ ಬೋರ್‌ವೆಲ್ ನೀರಿನಲ್ಲಿ ಕೂತು, ಆಗಾಗ ಶುಭ್ರವಾದ ಸ್ಟೀಲ್ ಸೌಟಿನಿಂದ ಕಲಕಿದರೆ ಹಾಲು ನೀರಿನ ಬಿಸಿಯ ಹತ್ತಿರಕ್ಕೆ ಬರುತ್ತದೆ. 4 ಡಿಗ್ರಿಗೆ ಬರುವುದಿಲ್ಲ, ನೀರು ಎಷ್ಟು ತಣ್ಣಗಿದೆಯೋ ಅಷ್ಟಕ್ಕೇ. ಆದರೂ 36ರಿಂದ 28ಕ್ಕೆ ಇಳಿದರೂ ಯಂತ್ರದ ಕೆಲಸದಲ್ಲಿ ಕಾಲು ಭಾಗ ನೀವೇ ಮುಗಿಸಿದಂತಾಯಿತು. ತೊಟ್ಟಿಯ ನೀರು ಬಿಸಿಯಾದರೆ ಬದಲಿಸಿ, ಹಳೆಯದನ್ನು ಹುಲ್ಲಿನ ಮಡಿಗೆ ಬಿಡಿ. ಕಲಕದೆ ಬಿಟ್ಟರೆ ಅಂಚಿನ ಹಾಲು ಮಾತ್ರ ತಣ್ಣಗಾಗಿ ನಡುವಿನದು ಹಾಗೇ ಇರುತ್ತದೆ.

ಒದ್ದೆ ಗೋಣಿ ಸುತ್ತುವ ಪದ್ಧತಿ ವಿಜಯಪುರ, ರಾಯಚೂರು ಕಡೆಯ ಒಣ ಬೇಸಿಗೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಗೋಣಿಯ ನೀರು ಆರುವಾಗ ಶಾಖ ತೆಗೆದುಕೊಂಡು ಹೋಗುತ್ತದೆ. ಉಡುಪಿ, ಮಂಗಳೂರಿನ ಜಿಡ್ಡುಗಟ್ಟುವ ಸೆಕೆಯಲ್ಲಿ ನೀರೇ ಆರುವುದಿಲ್ಲ, ಹಾಗಾಗಿ ಪ್ರಯೋಜನ ಕಡಿಮೆ. ಅಲ್ಲಿಯವರಿಗೆ ತೊಟ್ಟಿಯೇ ಸರಿ. ಎಲ್ಲಿಯವರಾದರೂ ಗೋಣಿಯನ್ನು ದಿನವೂ ಒಗೆದು ಬಿಸಿಲಿಗೆ ಹಾಕಬೇಕು.

ಹಾಲಿನೊಳಗೇ ಐಸ್ ಹಾಕುವವರು ಇದ್ದಾರೆ. ಐಸ್ ಅಂದರೆ ನೀರು. ಎಸ್‌ಎನ್‌ಎಫ್ ಬಿದ್ದು ಹೋಗುತ್ತದೆ, ಕಲಬೆರಕೆ ಎಂದು ಹಾಲು ವಾಪಸ್ಸು ಬಂದರೆ ಕೇಳುವವರಿಲ್ಲ. ಸೋಡಾ, ಹೈಡ್ರೋಜನ್ ಪೆರಾಕ್ಸೈಡ್, ಫಾರ್ಮಲಿನ್ ಇವುಗಳ ಮಾತಂತೂ ಆಡುವುದೇ ಬೇಡ. ಅದು ಅಪರಾಧ, ಕುಡಿಯುವ ಮಗುವಿನ ಹೊಟ್ಟೆಗೆ ವಿಷ.

ಸಂಜೆ ಸಂಘಕ್ಕೆ ಹಾಕಲಾಗದ ಹಾಲನ್ನು ಬೆಳಿಗ್ಗೆಯ ಹಾಲಿಗೆ ಬೆರೆಸಿ ತರಬೇಡಿ. "ಫ್ರಿಜ್ಜಿನಲ್ಲಿ ಇಟ್ಟಿದ್ದೆ" ಎಂಬುದು ಸಾಲದು. ಐದು ಲೀಟರಿನ ಪಾತ್ರೆಯೊಂದು ಮನೆ ಫ್ರಿಜ್ಜಿನ ನಿಂತ ಗಾಳಿಯಲ್ಲಿ ನಡುವಿನವರೆಗೆ ತಣ್ಣಗಾಗಲು ಐದಾರು ಗಂಟೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಆಗಬೇಕಾದ್ದು ಆಗಿ ಹೋಗಿರುತ್ತದೆ. ಮನೆ ಬಳಕೆಗೆ ಇಡುವುದಾದರೂ ಮೊದಲು ಪಾತ್ರೆಯನ್ನು ಅರ್ಧ ಗಂಟೆ ತಣ್ಣೀರಲ್ಲಿ ಇಟ್ಟು ಕಲಕಿ, ಎರಡು ಮೂರು ಸಣ್ಣ ಪಾತ್ರೆಗೆ ಹಂಚಿ, ಆಮೇಲೆ ಫ್ರಿಜ್ಜಿಗೆ ಇಡಿ. ಕಾಯಿಸಿ ಆರಿಸಿದ್ದಾದರೆ ಇನ್ನೂ ಒಳ್ಳೆಯದು.

ಸಂಘದಲ್ಲಿ ಕೇಳಬೇಕಾದ ಒಂದು ಅಂಕಿ

ಬಿಎಂಸಿ ಸಂಘದ್ದು, ಸಂಘ ನಿಮ್ಮದು. ಯಂತ್ರದ ಆರೋಗ್ಯ ತಿಳಿಯಲು ಮೆಕ್ಯಾನಿಕ್ ಆಗಬೇಕಿಲ್ಲ. ಒಂದೇ ಪ್ರಶ್ನೆ ಸಾಕು: "ಕೊನೆಯ ಕ್ಯಾನು ಬಿದ್ದ ಮೇಲೆ 4 ಡಿಗ್ರಿ ಬರಲು ಇವತ್ತು ಎಷ್ಟು ಹೊತ್ತು ಹಿಡಿಯಿತು?" ಸಂಗ್ರಹ ಮುಗಿದ ಸಮಯ, ಆಗ ಇದ್ದ ಡಿಗ್ರಿ, 4 ಡಿಗ್ರಿ ಬಂದ ಸಮಯ, ಒಟ್ಟು ಲೀಟರ್ ಇವನ್ನು ದಿನವೂ ಪುಸ್ತಕದಲ್ಲಿ ಬರೆದರೆ ತಿಂಗಳಲ್ಲೇ ಯಂತ್ರದ ನಡೆ ಕಾಣಿಸುತ್ತದೆ. ಹೋದ ತಿಂಗಳು ಒಂದು ಗಂಟೆ ಹಿಡಿಯುತ್ತಿದ್ದದ್ದು ಈ ತಿಂಗಳು ಅಷ್ಟೇ ಹಾಲಿಗೆ ಎರಡೂವರೆ ಗಂಟೆ ಎಂದಾದರೆ, ಮೀಟರು 4 ತೋರಿಸುತ್ತಿದ್ದರೂ ಎಲ್ಲೋ ತೊಂದರೆ ಶುರುವಾಗಿದೆ.

ಹೆಚ್ಚಿನ ಸಲ ತೊಂದರೆ ಕಂಡೆನ್ಸರಿನಲ್ಲಿ ಇರುತ್ತದೆ. ಹಾಲಿನಿಂದ ತೆಗೆದ ಶಾಖ ಎಲ್ಲಿಗೋ ಹೋಗಬೇಕಲ್ಲ, ಅದನ್ನು ಹೊರಗಿನ ಗಾಳಿಗೆ ಬಿಡುವ ಜಾಲರಿಯೇ ಕಂಡೆನ್ಸರು. ಅದರ ಮೇಲೆ ಧೂಳು, ಹಿಂಡಿಯ ಹಿಟ್ಟು, ಜೇಡನ ಬಲೆ ಕೂತರೆ ಶಾಖ ಒಳಗೇ ಉಳಿಯುತ್ತದೆ. ಅದರ ಮುಂದೆ ಪಶು ಆಹಾರದ ಮೂಟೆ ಒಟ್ಟಿದರೆ, ಕಿಟಕಿ ಮುಚ್ಚಿದರೆ, ಬಿಟ್ಟ ಬಿಸಿ ಗಾಳಿಯನ್ನೇ ಯಂತ್ರ ಮತ್ತೆ ಎಳೆದುಕೊಳ್ಳುತ್ತದೆ. ಇಂಥ ಟ್ಯಾಂಕುಗಳಲ್ಲಿ ಬಹಳಷ್ಟನ್ನು 32 ಡಿಗ್ರಿಯ ಹೊರಗಾಳಿಯಲ್ಲಿ 3 ಗಂಟೆಗೆ ಎಂದು ಅಳೆದಿರುತ್ತಾರೆ. ಏಪ್ರಿಲ್ ತಿಂಗಳ ಬಳ್ಳಾರಿ, ಕಲಬುರಗಿಯಲ್ಲಿ ಹೊರಗೇ 40 ಇದ್ದು, ಮುಚ್ಚಿದ ಕೋಣೆಯಲ್ಲಿ ಇನ್ನೂ ಹೆಚ್ಚಾದಾಗ ಅದೇ ಯಂತ್ರದಿಂದ ಅದೇ ವೇಗ ನಿರೀಕ್ಷಿಸಲಾಗದು. ಮೂಟೆ ಸರಿಸುವುದಕ್ಕೆ, ಜಾಲರಿಯನ್ನು ಯಂತ್ರ ಆಫ್ ಮಾಡಿ ಮೆತ್ತನೆಯ ಬ್ರಷ್ಷಿನಿಂದ ಗುಡಿಸುವುದಕ್ಕೆ ಖರ್ಚಿಲ್ಲ. ಅದಾದ ಮೇಲೂ ಹೊತ್ತು ಇಳಿಯದಿದ್ದರೆ ಗ್ಯಾಸ್ ಸೋರಿಕೆ, ಕಲಕುವ ಮೋಟಾರು, ಕಡಿಮೆ ವೋಲ್ಟೇಜು ಇವುಗಳಲ್ಲಿ ಒಂದು. ಅದು ತಂತ್ರಜ್ಞರ ಕೆಲಸ.

ಕರೆಂಟು ಹೋದಾಗ ಜನರೇಟರ್ ಹಾಕುವ ವಿಷಯದಲ್ಲಿ ಡೀಸೆಲ್ ಉಳಿಸುವ ಆಸೆ ಸಹಜ. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದು ತಿಳಿದಿರಲಿ. ಹಾಲು ಆಗಲೇ 4 ಡಿಗ್ರಿಗೆ ಬಂದು ಮುಚ್ಚಳ ಭದ್ರವಾಗಿದ್ದರೆ, ಟ್ಯಾಂಕಿನ ಗೋಡೆಯೊಳಗಿನ ದಪ್ಪ ಫೋಮು ತಣ್ಣನ್ನು ಕೆಲವು ಗಂಟೆ ಹಿಡಿದಿಡುತ್ತದೆ. ಅರ್ಧ ಗಂಟೆಯ ಲೋಡ್ ಶೆಡ್ಡಿಂಗಿಗೆ ಹೆದರಬೇಕಿಲ್ಲ, ಮುಚ್ಚಳ ತೆರೆದು ನೋಡುತ್ತಿರದಿದ್ದರೆ ಸಾಕು. ಆದರೆ ಸಂಗ್ರಹ ನಡೆಯುತ್ತಿರುವಾಗ, ಹಾಲು ಇನ್ನೂ 20–25 ಡಿಗ್ರಿಯಲ್ಲಿ ಇರುವಾಗ ಹೋದರೆ ಒಂದು ನಿಮಿಷವೂ ಕಾಯಬಾರದು. ಅದೇ ಫೋಮು ಆಗ ಬಿಸಿಯನ್ನು ಹಿಡಿದಿಡುತ್ತದೆ.

ಟ್ಯಾಂಕರ್ ಬರುವ ಹೊತ್ತಿಗೆ 4 ಡಿಗ್ರಿ ಇದ್ದರೆ ಚಾಲಕನ ಚೀಟಿಯಲ್ಲಿ 4 ಎಂದೇ ಬರೆಯುತ್ತಾರೆ. ಅದು 4ಕ್ಕೆ ಬಂದದ್ದು ಒಂಬತ್ತು ಗಂಟೆಗೋ ಹನ್ನೊಂದಕ್ಕೋ ಎಂದು ಆ ಚೀಟಿಯಲ್ಲಿ ಇರುವುದಿಲ್ಲ. ಸಂಘದ ಪುಸ್ತಕದಲ್ಲಿ ಮಾತ್ರ ಇರಲು ಸಾಧ್ಯ. ಮೆಕ್ಯಾನಿಕ್ ಬಂದಾಗ ಮೊದಲು ಅದನ್ನೇ ತೋರಿಸಿ.